ಆಡುಸೋಗೆಯ ಎರಡನೇ ಚುಕ್ಕಿ

ಪಂಚನಹಳ್ಳಿಯ ಸೊಪ್ಪಿನಲ್ಲಿ ಒಂದು ಚುಕ್ಕಿ ಕಾಣಬೇಕಾದ ಕಡೆ ಎರಡು ಕಂಡವು. ಆ ಎರಡನೆಯದು ಯಾರದೆಂದು ಹೇಳುವ ಭಾರ ನನ್ನ ಮೇಲೆ ಬಿತ್ತು.

ಆಡುಸೋಗೆ ಗೊತ್ತಲ್ಲ, ಕೆಮ್ಮಿಗೆ ಕಷಾಯ ಕಾಯಿಸುವ ಸೊಪ್ಪು. "ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಇದನ್ನ ಮಾತ್ರ ಆಡೂ ಮೂಸಲ್ಲ ಕಣೇ" ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅದಕ್ಕೇ ನಮ್ಮ ಕಡೆ ತೆಂಗಿನ ತೋಟಗಳಿಗೆ ಇದೇ ಬೇಲಿ. ಆಡು ಮೂಸದ ಆ ಕಹಿಯಲ್ಲಿ ವ್ಯಾಸಿಸಿನ್ ಎಂಬ ಸತ್ವ ಇದೆ, ಆಲ್ಕಲಾಯ್ಡ್ ಜಾತಿಯದು. ಕಫ ಸಡಿಲಿಸುವ ಗುಣ ಅದರದು. ಕೆಮ್ಮಿನ ಔಷಧಿ ಮಾಡುವ ಕಾರ್ಖಾನೆಯವರು ಸೊಪ್ಪು ಕೊಳ್ಳುವುದು ಆ ಗುಣಕ್ಕಾಗಿ.

ತರೀಕೆರೆಯಲ್ಲಿ ನಾನು ಕೆಲಸ ಮಾಡುವ ಲ್ಯಾಬು ದೊಡ್ಡದೇನಲ್ಲ. ಗಿಡಮೂಲಿಕೆಗಳನ್ನು ಪರೀಕ್ಷಿಸಿ ವರದಿ ಕೊಡುವ ಎರಡು ಕೋಣೆ, ಮುಂದೊಂದು ವರಾಂಡ. ಸೊಪ್ಪು ಬಂದರೆ ಅದರ ಸಾರ ತೆಗೆದು, ಸಿಲಿಕಾ ಬಳಿದ ಪುಟ್ಟ ತಟ್ಟೆಯ ಬುಡದಲ್ಲಿ ಒಂದು ಹನಿ ಇಟ್ಟು, ತಟ್ಟೆಯನ್ನು ದ್ರಾವಕದಲ್ಲಿ ನಿಲ್ಲಿಸುತ್ತೇವೆ. ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ದ್ರಾವಕ ಏರುತ್ತದೆ. ಸಾರದೊಳಗಿನ ಒಂದೊಂದು ವಸ್ತುವೂ ಅದರ ಜೊತೆ ತನ್ನ ಕೈಲಾದಷ್ಟು ಹತ್ತಿ ತನ್ನ ಮಟ್ಟದಲ್ಲಿ ನಿಲ್ಲುತ್ತದೆ. ಆಮೇಲೆ ಬಣ್ಣ ಬರಿಸುವ ಕಾರಕ ಸಿಂಪಡಿಸಿದರೆ ಆಲ್ಕಲಾಯ್ಡ್ ಇದ್ದಲ್ಲಿ ಕಿತ್ತಳೆ ಬಣ್ಣದ ಚುಕ್ಕಿ ಏಳುತ್ತದೆ.

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿತ್ತು. ಸೊಪ್ಪು ಕೊಂಡ ಕಾರ್ಖಾನೆಯಿಂದ ಒಂದು ಪೊಟ್ಟಣ ಸೊಪ್ಪಿನ ಜೊತೆ ಪತ್ರ ಬಂತು. ಪಂಚನಹಳ್ಳಿಯ ಮಹಿಳಾ ಸಂಘ ಕಳಿಸಿದ ಸೊಪ್ಪಿನಲ್ಲಿ ವ್ಯಾಸಿಸಿನ್ ಕಡಿಮೆ ಇದೆ, ಜೊತೆಗೆ ಅಪರಿಚಿತ ಆಲ್ಕಲಾಯ್ಡ್ ಒಂದು ಕಾಣುತ್ತಿದೆ, ಬೇರೆ ಸೊಪ್ಪಿನ ಕಲಬೆರಕೆಯ ಅನುಮಾನವಿದೆ, ನೀವು ದೃಢಪಡಿಸಿದರೆ ಇನ್ನು ಆ ಸಂಘದ ಸೊಪ್ಪು ಬೇಡ. ನಾನೂ ತಟ್ಟೆ ಹಾಕಿ ನೋಡಿದೆ. ನಿಜ. ವ್ಯಾಸಿಸಿನ್ ಚುಕ್ಕಿ ಕೆಳಗೆ ಸಪ್ಪಗಿತ್ತು. ಅದರ ಮೇಲೆ ಇನ್ನೊಂದು, ದಪ್ಪಗೆ, ಕರೆಯದೆ ಬಂದ ನೆಂಟನ ಹಾಗೆ ಕೂತಿತ್ತು.

ಪತ್ರದ ನಕಲು ಸಂಘಕ್ಕೂ ಹೋಗಿತ್ತು, ಮರುದಿನ ಸಂಘದ ಅಧ್ಯಕ್ಷೆ ಬಂದಿಳಿದರು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕಡೂರಿಗೆ ಒಂದು ಬಸ್ಸು, ಅಲ್ಲಿಂದ ತರೀಕೆರೆಗೆ ಇನ್ನೊಂದು ಹಿಡಿದು ಬಂದಿದ್ದರು. ಕೂರಿ ಅಂದರೆ ಕೂರಲಿಲ್ಲ.

"ಏನ್ ಮೇಡಮ್ಮೋರೆ, ನಾವು ಸೊಪ್ಪಿಗೆ ಸೊಪ್ಪು ಬೆರ್ಸಿದೀವಂತೆ?"

"ಅನುಮಾನ ಅಂತ ಬರೆದಿದ್ದಾರೆ ಅಕ್ಕಾ. ಇನ್ನೂ ತೀರ್ಮಾನ ಆಗಿಲ್ಲ."

"ಊರಲ್ಲಿ ಆಗೋಯ್ತಲ್ಲ ತೀರ್ಮಾನ! ನನ್ ಮಾತು ನಂಬ್ಕೊಂಡು ಹದಿನಾರು ಜನ ಹೆಂಗಸ್ರು ಬೇಲಿಬೇಲಿ ಸುತ್ತಿ ಕುಯ್ದವ್ರೆ. ನಿನ್ನೆ ಬಾವಿ ತಾವ ಒಬ್ಬಳು ಅಂತಾಳೆ, ಅಧ್ಯಕ್ಷೆ ಮನೆ ಸೊಪ್ಪಲ್ಲೇ ಏನೋ ಇತ್ತೇನೋ ಅಂತ. ಮಠದ ಗದ್ದುಗೆ ಮುಟ್ಟಿ ಆಣೆ ಇಡ್ತೀನಿ, ಒಂದೆಲೆ ಬೇರೇದು ಬಿದ್ದಿಲ್ಲ."

"ಆಣೆ ಬೇಡಕ್ಕಾ. ಇನ್ನೊಂದು ಚೀಲ ಸೊಪ್ಪು ಕೊಡಿ, ಸಾಕು."

"ತಂದಿವ್ನಿ" ಎಂದು ಹೆಗಲಿನ ಚೀಲವನ್ನು ಮೇಜಿನ ಮೇಲೆ ಇಳಿಸಿದರು. ಅದೇ ಮಾಲು, ಮನೆಯಲ್ಲಿ ಉಳಿದದ್ದು.

ಲ್ಯಾಬಿನ ಯಜಮಾನರು ಕೆಟ್ಟವರಲ್ಲ, ಆದರೆ ಉದ್ದ ಕೆಲಸ ಅಂದರೆ ಅವರಿಗೆ ಆಗದು. "ಮಾನದಂಡಕ್ಕೆ ಅನುರೂಪವಾಗಿಲ್ಲ ಅಂತ ಒಂದು ಗೆರೆ ಬರೆದು ಕಳಿಸಮ್ಮ. ನಮ್ಮದು ಪರೀಕ್ಷೆ, ಪತ್ತೇದಾರಿ ಅಲ್ಲ" ಅಂದರು. ನಾನು ಎರಡು ವಾರ ಕೇಳಿದೆ. ಆ ಚುಕ್ಕಿಯನ್ನು ಸೊಪ್ಪಿನಿಂದ ಬೇರೆ ಮಾಡಿ, ಶುದ್ಧ ಮಾಡಿ, ಅದು ಏನೆಂದು ತಿಳಿಯದೆ ಹದಿನಾರು ಹೆಂಗಸರ ಹೆಸರಿಗೆ ಮಸಿ ಬಳಿಯಲು ನನ್ನ ಕೈ ಬರಲಿಲ್ಲ. ಯಜಮಾನರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿ, "ಹದಿನೈದನೇ ದಿನ ವರದಿ ಮೇಜಿನ ಮೇಲಿರಬೇಕು" ಎಂದು ಎದ್ದು ಹೋದರು.

ಕೆಲಸ ಹಿಡಿದೆ. ಸೊಪ್ಪನ್ನು ತರಿತರಿಯಾಗಿ ಪುಡಿ ಮಾಡಿ ಮೆಥನಾಲಿನಲ್ಲಿ ನೆನೆಹಾಕಿ, ಮೂರು ಸಲ ಬಸಿದು, ದ್ರಾವಕ ಹಾರಿಸಿದಾಗ ಕಪ್ಪು ಹಸಿರಿನ ಅಂಟು ಉಳಿಯಿತು. ಅದನ್ನು ತೆಳು ಆಮ್ಲದಲ್ಲಿ ಕದಡಿದರೆ ಆಲ್ಕಲಾಯ್ಡ್‌ಗಳು ನೀರಿಗಿಳಿಯುತ್ತವೆ, ಎಲೆಯ ಹಸಿರು ಮತ್ತು ಮೇಣ ಮೇಲುಳಿಯುತ್ತವೆ. ಸೋಸಿದ ನೀರಿಗೆ ಅಮೋನಿಯಾ ಹಾಕಿ ಕ್ಷಾರ ಮಾಡಿದೆ. ಈಗ ಆಲ್ಕಲಾಯ್ಡ್‌ಗಳಿಗೆ ನೀರು ಒಗ್ಗುವುದಿಲ್ಲ. ಕ್ಲೋರೋಫಾರ್ಮ್ ಸೇರಿಸಿ ಕುಲುಕಿದರೆ ಅದರೊಳಕ್ಕೆ ಓಡುತ್ತವೆ. ಇಷ್ಟರವರೆಗೆ ಎಲ್ಲ ಸಲೀಸು. ಎರಡು ಆಲ್ಕಲಾಯ್ಡ್‌ಗಳನ್ನು ಒಂದರಿಂದೊಂದು ಬಿಡಿಸಲು ಕಾಲಮ್ ಬೇಕು. ಮೊಳಕ್ಕಿಂತ ಉದ್ದದ ಗಾಜಿನ ಕೊಳವೆ, ಕೆಳಗೆ ತಿರುಗಣೆ, ಒಳಗೆ ಸಿಲಿಕಾ. ಮೇಲಿನಿಂದ ಸಾರ ಹಾಕಿ ದ್ರಾವಕ ಬಿಡುತ್ತಾ ಹೋದರೆ ಸಿಲಿಕಾಕ್ಕೆ ಕಡಿಮೆ ಅಂಟುವುದು ಮುಂಚೆ ಇಳಿಯುತ್ತದೆ, ಹೆಚ್ಚು ಅಂಟುವುದು ನಿಧಾನಕ್ಕೆ.

ಮೊದಲ ಕಾಲಮ್ಮನ್ನು ಮಟಮಟ ಮಧ್ಯಾಹ್ನ ಕಟ್ಟಿದೆ. ಅವಸರ. ಕ್ಲೋರೋಫಾರ್ಮ್ ಮೊದಲೇ ಹಾರುವ ಜಾತಿ, ಮೇಲೆ ಆ ಸೆಕೆ. ಸಾರ ಅರ್ಧ ಇಳಿಯುವ ಹೊತ್ತಿಗೆ ಸಿಲಿಕಾದೊಳಗೆ ಗುಳ್ಳೆ ಎದ್ದು, ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತು. ಎರಡೂ ಆಲ್ಕಲಾಯ್ಡ್ ಆ ಬಿರುಕಿನಲ್ಲಿ ಕೈಕೈ ಹಿಡಿದು ಕೆಳಗಿಳಿದವು. ನಾಲ್ಕು ದಿನದ ಕೆಲಸ ಹೋಯಿತು.

ನಮ್ಮ ಲ್ಯಾಬಿನ ಸಹಾಯಕರು ಅರವತ್ತು ದಾಟಿದ ಹಿರಿಯರು. ಮುಂಚೆ ದಿನಸಿ ಅಂಗಡಿಯಲ್ಲಿ ಕಾಳು ಅಳೆಯುತ್ತಿದ್ದವರು. ಬಿರುಕು ನೋಡಿ ಗಲ್ಲ ಕೆರೆದುಕೊಂಡರು.

"ಒಂದ್ ಮಾತು ಹೇಳ್ಲಾ ಅಮ್ಮಾವ್ರೇ? ಬೈಯ್ಬಾರ್ದು."

"ಹೇಳಿ."

"ಸೇರಲ್ಲಿ ರಾಗಿ ಅಳೀವಾಗ ಒಂದೇ ಸಲ ಸುರಿದ್ರೆ ಒಳಗೆ ಪೊಳ್ಳು ಉಳೀತದೆ. ಸುರೀತಾ ಸುರೀತಾ ಸೇರಿಗೆ ತಟ್ಟಬೇಕು. ನೀವು ಸುರಿದ್ರಿ, ತಟ್ಟಲಿಲ್ಲ. ಇನ್ನೊಂದು, ಬೇಸ್ಗೇಲಿ ಮಣ್ಣಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತಲ್ವೇ? ಇದಕ್ಕೂ ಸುತ್ತಿ. ಗಾಜಾದ್ರೇನು, ಅದಕ್ಕೂ ಸೆಕೆ ಆಗಲ್ವೇ?"

ತಟ್ಟಬೇಕೆಂದು ನನಗೆ ಗೊತ್ತಿತ್ತು, ಅವಸರಕ್ಕೆ ತಟ್ಟಿರಲಿಲ್ಲ. ಒದ್ದೆ ಬಟ್ಟೆ ಮಾತ್ರ ಅವರದೇ. ಮರುದಿನ ಬೆಳಗ್ಗೆ ಏಳಕ್ಕೇ ಅಜ್ಜಂಪುರದ ಮನೆಯಿಂದ ಬಂದುಬಿಟ್ಟೆ. ನಾನು ಸಿಲಿಕಾ ಗಂಜಿ ಹುಯ್ಯುತ್ತಿದ್ದರೆ ಅವರು ರಬ್ಬರು ಕೊಳವೆ ಹಿಡಿದು ಗಾಜಿಗೆ ಮೆತ್ತಗೆ, ಒಂದೇ ತಾಳಕ್ಕೆ, ತಟ್ಟುತ್ತಿದ್ದರು. ಕಾಲಮ್ ಗೆರೆ ಎಳೆದ ಹಾಗೆ ಕೂತಿತು. ಸುತ್ತ ಒದ್ದೆ ಪಂಚೆಯ ತುಂಡು. ಬೆರೆತು ಇಳಿದಿದ್ದ ಸಾರವನ್ನೇ ಆರಿಸಿ ಮತ್ತೆ ಮೇಲಿನಿಂದ ಹಾಕಿದೆ. ಬರೇ ಕ್ಲೋರೋಫಾರ್ಮಿನಿಂದ ಶುರು ಮಾಡಿ, ಚೂರು ಚೂರೇ ಮೆಥನಾಲ್ ಹೆಚ್ಚಿಸುತ್ತಾ, ಹನಿ ಹನಿ ಇಳಿದದ್ದನ್ನು ನಂಬರು ಹಾಕಿದ ಕೊಳವೆಗಳಲ್ಲಿ ಹಿಡಿದೆವು. ಮೂರು ದಿನ, ಬೆಳಗಿನ ಹೊತ್ತು ಮಾತ್ರ. ಪ್ರತಿ ಕೊಳವೆಯ ಒಂದು ಹನಿ ತಟ್ಟೆಗೆ. ಮೊದಲು ಮೇಲಿನ ಚುಕ್ಕಿ ಒಂಟಿಯಾಗಿ ಬಂತು. ಮಧ್ಯೆ ಕೆಲವು ಕೊಳವೆಗಳಲ್ಲಿ ಇಬ್ಬರೂ ಬೆರೆತಿದ್ದರು. ಅವನ್ನು ಬದಿಗಿಟ್ಟೆ. ಕೊನೆಯಲ್ಲಿ ವ್ಯಾಸಿಸಿನ್ ಒಂದೇ. ಎರಡನ್ನೂ ಹರಳುಗಟ್ಟಿಸಿದಾಗ ಎರಡೂ ಬೆಳ್ಳಗೆ, ಉಪ್ಪಿನ ಕಣದ ಹಾಗಿದ್ದವು.

ಬೇರೆ ಮಾಡಿದ್ದಾಯಿತು. ಆದರೆ ಏನದು? ಬೇರೆ ಗಿಡದ್ದೇ ಆಗಿದ್ದರೆ? ಅಧ್ಯಕ್ಷೆಯ ಮುಖ ಕಣ್ಣೆದುರು ಬರುತ್ತಿತ್ತು. ಒಂದು ಅನುಮಾನ ನನಗೂ ಹೊಗೆಯಾಡುತ್ತಿತ್ತು, ಹದಿನಾರು ಜನರಲ್ಲಿ ಒಬ್ಬಳಾದರೂ ಅವಸರಕ್ಕೆ ಬೇಲಿಯಲ್ಲಿದ್ದ ಬೇರೆ ಸೊಪ್ಪು ತುಂಬಿದ್ದರೆ? ಹೊರಗೆ ಹೇಳಲಿಲ್ಲ ಅಷ್ಟೆ.

ಹನ್ನೊಂದನೇ ದಿನ ವ್ಯಾಸಿಸಿನ್ ತೂಕ ನೋಡೋಣವೆಂದು ಬೀರು ತೆಗೆದರೆ ಹರಳಿಟ್ಟಿದ್ದ ಗಾಜಿನ ಬಟ್ಟಲು ಅಲ್ಲಿಲ್ಲ. ಹುಡುಕಿದರೆ ಪೂರ್ವದ ಕಿಟಕಿಯಲ್ಲಿದೆ! ಬೆಳಗಿನ ಬಿಸಿಲು ನೆಟ್ಟಗೆ ಅದರ ಮೇಲೆ. ಬೆಳ್ಳಗಿದ್ದ ಹರಳು ಅರಿಸಿನದ ಛಾಯೆಗೆ ತಿರುಗಿತ್ತು.

"ಯಾರು ಇಲ್ಲಿಟ್ಟಿದ್ದು?"

"ನಾನೇ ಅಮ್ಮಾವ್ರೇ, ಮೂರು ದಿನ ಆಯ್ತು" ಅಂದರು ಸಹಾಯಕರು. "ಒಳಗೆ ಇನ್ನೂ ಹಸಿ ಹಸಿ ಕಾಣ್ತಿತ್ತು. ಬಿಸ್ಲಲ್ಲಿ ಗರಿಗರಿ ಒಣಗ್ಲಿ ಅಂತ ಇಟ್ಟೆ. ನೀವೇ ಹೇಳ್ತಿದ್ರಲ್ಲ, ಗರಿಗರಿ ಒಣಗದಿದ್ರೆ ಮಾಲು ಕೆಡ್ತದೆ ಅಂತ."

ಬಾಯಿ ತುದಿಗೆ ಬಂದ ಬೈಗುಳ ಅಲ್ಲೇ ನಿಂತಿತು. 'ಬಿಸಿಲಲ್ಲಿ ಗರಿಗರಿ.' ಆ ಮಾತು ನನ್ನದೇ. ಎಲ್ಲಿ ಹೇಳಿದ್ದೆ? ಯಾರಿಗೆ?

ಹರಳಿನ ಒಂದು ಚೂರು ಕರಗಿಸಿ ತಟ್ಟೆ ಹಾಕಿದೆ. ಕೆಳಗೆ ವ್ಯಾಸಿಸಿನ್. ಅದರ ಮೇಲೆ, ಅದೇ ಮಟ್ಟದಲ್ಲಿ, ಎರಡನೇ ಚುಕ್ಕಿ! ಮೂರು ದಿನದ ಹಿಂದೆ ಶುದ್ಧವಾಗಿದ್ದ ವಸ್ತುವಿಗೆ ಯಾರೂ ಸೊಪ್ಪು ಬೆರೆಸಿರಲಿಲ್ಲ. ಬಿಸಿಲು ಗಾಳಿ ಬಿಟ್ಟರೆ ಬೇರೇನೂ ಅದನ್ನು ಮುಟ್ಟಿರಲಿಲ್ಲ. ಆಗ ಹೊಳೆಯಿತು. ವ್ಯಾಸಿಸಿನ್ ಗಾಳಿಯ ಆಮ್ಲಜನಕ ಹಿಡಿದು ವ್ಯಾಸಿಸಿನೋನ್ ಆಗುತ್ತದೆಂದು ಓದಿದ್ದೆ. ಓದಿದ್ದು ತಲೆಯ ಯಾವುದೋ ಮೂಲೆಯಲ್ಲಿ ಬಿದ್ದಿತ್ತು.

ಹೊಳೆದದ್ದು ಸಾಲದು, ಸಾಬೀತಾಗಬೇಕು. ಬಿಸಿಲಿನಲ್ಲಿ ಹುಟ್ಟಿದ್ದನ್ನು ಸಣ್ಣ ಕಾಲಮ್ಮಿನಲ್ಲಿ ಬಿಡಿಸಿ, ಸೊಪ್ಪಿನಿಂದ ತೆಗೆದ ಮೇಲಿನ ಚುಕ್ಕಿಯ ಹರಳಿನ ಜೊತೆ ಬೆರೆಸಿ, ಕಾಯಿಸಿ ಕರಗಿಸಿ ನೋಡಿದೆ. ಎರಡು ಬೇರೆ ವಸ್ತುಗಳು ಬೆರೆತರೆ ಕರಗುವ ಉಷ್ಣತೆ ಇಳಿದುಬಿಡುತ್ತದೆ, ಒಂದೇ ಆದರೆ ಇಳಿಯದು. ಇಳಿಯಲಿಲ್ಲ. ಉಳಿದದ್ದು ಹಸಿ ಸೊಪ್ಪು. ಒಣಗಿಸದ ಸೊಪ್ಪಿನಲ್ಲಿ ಎರಡನೇ ಚುಕ್ಕಿ ಇಲ್ಲವೆಂದಾದರೆ ಕಲಬೆರಕೆಯ ಮಾತು ಅಲ್ಲಿಗೆ ಮುಗಿದಂತೆ. ದಾರಿಯಲ್ಲಿ ಬಾಡದಂತೆ ಎಲೆಯನ್ನು ಬೇಲಿ ಬಳಿಯೇ ಮೆಥನಾಲಿಗೆ ಹಾಕಬೇಕು, ಬೇಗ ಬೆಂಕಿ ಹತ್ತುವ ಅದನ್ನು ಹಿಡಿದು ಬಸ್ಸು ಹತ್ತುವ ಹಾಗಿಲ್ಲ. ಯಜಮಾನರ ಓಮ್ನಿ ಬೇಡಿ, ಸಹಾಯಕರನ್ನು ಕೂರಿಸಿಕೊಂಡು ಪಂಚನಹಳ್ಳಿಗೆ ಹೋದೆ.

ಅಧ್ಯಕ್ಷೆ ಬೇಲಿಗೆ ಕರೆದೊಯ್ದರು. ಸಂಘದ ಏಳೆಂಟು ಹೆಂಗಸರು ಹಿಂದೆ ಬಂದರು. ಎಲೆ ಕಿತ್ತು, ಅಲ್ಲೇ ಕತ್ತರಿಸಿ, ಅಲ್ಲೇ ಮೆಥನಾಲಿಗೆ ಹಾಕಿದೆ. ಬಾಟಲಿ ಮುಚ್ಚುತ್ತಾ ಕೇಳಿದೆ.

"ಕುಯ್ದ ಮೇಲೆ ಹೆಂಗೆ ಒಣಗಿಸಿದ್ರಿ ಅಕ್ಕಾ?"

"ನೀವು ಹೇಳ್ಕೊಟ್ಟಂಗೇ. ಕಣದಲ್ಲಿ ಕರೀ ಟಾರ್ಪಾಲು ಹಾಸಿ, ಆರು ದಿನ, ಮೆಣಸಿನಕಾಯಿ ಮಗುಚಿದಂಗೆ ಮಗುಚಿದೀವಿ. ಒಬ್ಬಳು ಗುಬ್ಬಿ ಓಡಿಸೋಕೆ ಬೇರೆ ಕೂತಿದ್ಲು."

"ನಾನು ಹೇಳಿಕೊಟ್ಟ ಹಾಗೆ?"

ಹಿಂದಿನಿಂದ ಒಬ್ಬಾಕೆ, "ಅಯ್ಯೋ, ಮರ್ತ್ಬಿಟ್ರಾ? ಹೋದ ಶ್ರಾವಣದಲ್ಲಿ, ಶಾಲೆ ಜಗಲಿ ಮೇಲೆ ನಿಂತ್ಕೊಂಡು, ಬಿಸ್ಲಲ್ಲಿ ಗರಿಗರಿ, ಕೈಲಿ ಹಿಡಿದ್ರೆ ಹಪ್ಪಳ ಆಗ್ಬೇಕು ಅಂತ ಹೇಳಿದ್ದು ನೀವೇ ಅಲ್ವಾ!" ಎಂದು ನನ್ನ ದನಿಯನ್ನೇ ಅಣಕಿಸಿದಳು. ಎಲ್ಲರೂ ನಕ್ಕರು.

ನೆನಪಾಯಿತು. ಅವರ ಮೊದಲ ಮಾಲು ಮಳೆಗಾಲದಲ್ಲಿ ಬೂಷ್ಟು ಹಿಡಿದು ಬಂದಿತ್ತು. ತರಬೇತಿ ಕೊಟ್ಟು ಬಾ ಎಂದು ಯಜಮಾನರು ನನ್ನನ್ನು ಕಳಿಸಿದ್ದರು, ಆ ವರ್ಷ ನಾನು ಹೋದ ಹತ್ತೂರಲ್ಲಿ ಇದೂ ಒಂದು. ಮದ್ದಿನ ಸೊಪ್ಪನ್ನು ನೆರಳಲ್ಲಿ ಒಣಗಿಸಬೇಕೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಂದು ನನ್ನ ಕಣ್ಣಿಗೆ ಬೂಷ್ಟು ಬಿಟ್ಟು ಬೇರೇನೂ ಕಂಡಿರಲಿಲ್ಲ. ಅವರು ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದರು. ಅದಕ್ಕೇ ಕಳ್ಳರೆನಿಸಿಕೊಂಡಿದ್ದರು.

"ಅಕ್ಕಾ, ತಪ್ಪು ನಂದು" ಅಂದೆ. ಬಿಸಿಲು ಏನು ಮಾಡಿತೆಂದು ಅಲ್ಲೇ ಬೇಲಿ ಪಕ್ಕ ನಿಂತು ಬಿಡಿಸಿ ಹೇಳಿದೆ. ನಗು ನಿಂತಿತು. ಅಧ್ಯಕ್ಷೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಅಲ್ಲಾ ಮೇಡಮ್ಮೋರೆ, ಬಿಸ್ಲು ಕಾಣಿಸ್ದೆ ಒಣಗ್ಸೋದು ಅಂತ ಒಂದ್ ಮಾತು ಅಂದಿದ್ರೆ ಆಗಿತ್ತಲ್ಲ! ಕೊಬ್ರಿ ಮಾಡೋ ಜನ ನಾವು. ಕಾಯಿ ಅಟ್ಟಕ್ಕಾಕಿದ್ರೆ ವರ್ಷಗಟ್ಲೆ ಸೂರ್ಯನ ಮುಖ ನೋಡಲ್ಲ, ಒಳಗೊಳಗೇ ಒಣಗಿ ಗುಂಡು ಕೊಬ್ರಿ ಆಯ್ತದೆ. ಸೊಪ್ಪಿಗೂ ಅಟ್ಟ ಸಾಲದಾ?"

"ಮತ್ತೆ ಅಂದು ಯಾಕೆ ಕೇಳಲಿಲ್ಲ ನೀವು?"

"ಓದ್ದೋರು ಹೇಳ್ತಾವ್ರೆ, ಮಧ್ಯೆ ಬಾಯಿ ಹಾಕೋದು ಹೆಂಗೆ ಅಂತ ಸುಮ್ಕಿದ್ವಿ."

ಆ ಮಾತು ದಾರಿಯುದ್ದಕ್ಕೂ ಜೊತೆಗೆ ಬಂತು. ಲ್ಯಾಬಿಗೆ ಬಂದು ತಟ್ಟೆ ಹಾಕಿದರೆ ಹಸಿ ಸೊಪ್ಪಿನಲ್ಲಿ ವ್ಯಾಸಿಸಿನ್ ದೀಪದ ಹಾಗೆ ಉರಿಯಿತು. ಮೇಲಿನ ಜಾಗ ಹೆಚ್ಚುಕಡಿಮೆ ಖಾಲಿ.

ಹದಿನಾಲ್ಕನೇ ದಿನ ವರದಿ ಬರೆದೆ. ಎರಡನೇ ಚುಕ್ಕಿ ವ್ಯಾಸಿಸಿನೋನ್, ಅದು ಇದೇ ಗಿಡದ ವ್ಯಾಸಿಸಿನ್ ಬಿಸಿಲಿಗೆ ಬದಲಾಗಿ ಆದದ್ದು, ಕಲಬೆರಕೆಯಲ್ಲ. ಅದರ ಕೆಳಗೆ ಇನ್ನೊಂದು ಸಾಲು: "ಬಿಸಿಲಿನಲ್ಲಿ ಒಣಗಿಸಲು ಸಂಘದವರಿಗೆ ಸೂಚನೆ ಕೊಟ್ಟದ್ದು ಈ ಪ್ರಯೋಗಾಲಯ."

ಯಜಮಾನರು ಆ ಸಾಲಿನ ಮೇಲೆ ಬೆರಳಿಟ್ಟರು. "ಇದು ಬೇಕಾ? ಕಲಬೆರಕೆ ಅಲ್ಲ ಅಂದರೆ ಸಾಲದೇನಮ್ಮ? ಒಣಗಿಸುವಾಗ ಆದ ದೋಷ ಅಂತ ಬರೆದುಬಿಡು. ನಮ್ಮ ಹೆಸರು ನಾವೇ ಯಾಕೆ ಎಳೀಬೇಕು?"

"ಒಣಗಿಸಿದವರು ಅವರು ಸಾರ್. ಹಾಗೆ ಬರೆದರೆ ದೋಷ ಅವರ ತಲೆಗೇ ಹೋಗುತ್ತೆ. ಕಲಬೆರಕೆಯವರು ಅನ್ನೋ ಬದಲು ದಡ್ಡರು ಅಂತ ಆಗುತ್ತೆ."

"ನಾಳೆ ಕಾರ್ಖಾನೆಯವರು ನಮ್ಮನ್ನೇ ಬಿಟ್ಟರೆ?"

"ಆ ಸಾಲು ತೆಗೆಯೋದಾದರೆ ಬೇರೆಯವರ ಸಹಿ ಹಾಕಿಸಿ ಸಾರ್" ಅಂದೆ. ಬೇರೆ ಸಹಿ ಹಾಕುವವರು ಆ ಎರಡು ಕೋಣೆಯಲ್ಲಿ ಯಾರೂ ಇರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಯಜಮಾನರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮೊಹರು ಒತ್ತಿದರು.

ಕಾರ್ಖಾನೆಯಿಂದ ಉತ್ತರ ಬರಲು ಒಂದು ವಾರ. ಕಲಬೆರಕೆಯ ಆಕ್ಷೇಪ ಹಿಂದಕ್ಕೆ ಪಡೆದಿದ್ದೇವೆ, ಸರಿಯಾಗಿ ಒಣಗಿಸಿದ ಹೊಸ ಮಾಲಿನ ಮಾದರಿ ಕಳಿಸಿ, ಅದರ ಮೇಲೆ ಮುಂದಿನ ಮಾತು. ಪಂಚನಹಳ್ಳಿಯ ಅಟ್ಟದಲ್ಲಿ ಆಗಲೇ ಸೊಪ್ಪು ಹರಡಿತ್ತು, ನಮ್ಮ ಪತ್ರಕ್ಕೆ ಕಾಯುತ್ತಾ ಕೂರುವ ಜನ ಅವರಲ್ಲ. ನೋಡಲು ಹೋದೆ. ಏಣಿ ಹತ್ತಿ ತಲೆ ತೂರಿಸಿದರೆ ಮಬ್ಬುಗತ್ತಲು, ಒಂದು ಕಡೆ ಕಾಯಿರಾಶಿ, ಇನ್ನೊಂದು ಕಡೆ ಬಿದಿರ ತಟ್ಟಿಯ ಮೇಲೆ ಹಸಿರು ಮಾಸದ ಸೊಪ್ಪು. ಯಾವಾಗ ಇಳಿಸಬಹುದು ಎಂದು ಈ ಸಲ ನಾನು ಕೇಳಿದೆ. ಅಧ್ಯಕ್ಷೆ ಎಲೆಯ ತೊಟ್ಟೊಂದನ್ನು ಕಿವಿಯ ಹತ್ತಿರ ಹಿಡಿದು ಮುರಿದರು. "ಇನ್ನೂ ಮೆತ್ತಗೆ ಮಾತಾಡ್ತದೆ. ಎರಡು ದಿನ ತಡೀರಿ."

ಮೂರನೇ ದಿನ ಸೊಪ್ಪು ಲ್ಯಾಬಿಗೆ ಬಂತು. ಇನ್ನೇನು ಎಲ್ಲ ಮುಗಿಯಿತು ಅಂದುಕೊಂಡು ಅಮೋನಿಯಾ ಹಾಕಿ, ಕ್ಲೋರೋಫಾರ್ಮ್ ಹಾಕಿ ಕುಲುಕಿದರೆ, ಎರಡು ಪದರವಾಗಿ ನಿಲ್ಲಬೇಕಾದ್ದು ಕಡೆದ ಮಜ್ಜಿಗೆಯ ಹಾಗೆ ನೊರೆಗಟ್ಟಿ ಕೂತುಬಿಟ್ಟಿತು. ಒಂದು ಗಂಟೆ ಕಾದೆ. ಉಪ್ಪು ಹಾಕಿದೆ. ಜಪ್ಪಯ್ಯ ಅನ್ನಲಿಲ್ಲ. ಸಹಾಯಕರು ಸೊಪ್ಪು ಬಂದ ಗೋಣಿಚೀಲವನ್ನು ಎತ್ತಿ ಮೂಸಿದರು.

"ಅಮ್ಮಾವ್ರೇ, ಇದು ಕೊಬ್ರಿ ಚೀಲ! ಎಣ್ಣೆ ಇಳಿದು ಜಿಡ್ಡು ಹಿಡಿದದೆ ನೋಡಿ."

ಎಣ್ಣೆಗೆ ಕ್ಷಾರ ಸೇರಿದರೆ ಸೋಪು. ನಾನು ಪದರ ಬಿಡಿಸುವ ಗಾಜಿನ ಫನಲ್ಲಿನಲ್ಲಿ ಸೋಪಿನ ನೊರೆ ಎಬ್ಬಿಸುತ್ತಾ ಕೂತಿದ್ದೆ. ಅಟ್ಟದಿಂದ ಇಳಿಸಿ, ಮನೆಯಲ್ಲಿದ್ದ ಒಳ್ಳೆಯ ಚೀಲವೇ ಇರಲಿ ಎಂದು ತುಂಬಿದ್ದರು ಪಾಪ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ಉಳಿದ ಪುಡಿಯನ್ನು ಮೊದಲು ಪೆಟ್ರೋಲಿಯಂ ಈಥರಿನಲ್ಲಿ ತೊಳೆದು ಜಿಡ್ಡು ತೆಗೆದು, ಆಲ್ಕಲಾಯ್ಡ್ ಅದರ ಜೊತೆ ಹೋಗಿಲ್ಲವೆಂದು ತಟ್ಟೆ ಹಾಕಿ ಖಾತ್ರಿ ಮಾಡಿಕೊಂಡು, ಮತ್ತೆ ಬುಡದಿಂದ ಶುರು ಮಾಡಿದೆ. ಈ ಸಲ ಪದರಗಳು ನಿಂಬೆ ಹೋಳಿನಷ್ಟು ನೀಟಾಗಿ ಬೇರೆಯಾದವು.

ಕೊನೆಯ ತಟ್ಟೆ ಹಾಕುವ ದಿನ ಅಧ್ಯಕ್ಷೆಗೆ ಫೋನು ಮಾಡಿ ಬರಹೇಳಿದೆ. ಇಬ್ಬರು ಹೆಂಗಸರನ್ನು ಜೊತೆ ಮಾಡಿಕೊಂಡು ಬಂದರು. ದ್ರಾವಕ ಏರುವಷ್ಟು ಹೊತ್ತೂ ಮೂವರೂ ಒಲೆ ಮುಂದೆ ಹಾಲು ಕಾಯುವವರ ಹಾಗೆ ಗಾಜಿನ ಜಾಡಿಯನ್ನೇ ನೋಡುತ್ತಾ ನಿಂತರು. ತಟ್ಟೆ ಆರಿಸಿ ಕಾರಕ ಸಿಂಪಡಿಸಿದೆ. ಹಳದಿ ಹಿನ್ನೆಲೆಯ ಮೇಲೆ ಒಂದು ಕಿತ್ತಳೆ ಚುಕ್ಕಿ ದಪ್ಪಗೆ ಎದ್ದಿತು. ಎರಡನೆಯದು ಇತ್ತೇ? ಕಣ್ಣು ಕಿರಿದು ಮಾಡಿದರೆ ಇತ್ತು, ಹಸಿ ಸೊಪ್ಪಿನಲ್ಲಿ ಕಂಡಷ್ಟೇ ಇತ್ತು. ಕಾರ್ಖಾನೆಯ ಮಿತಿಯ ಒಳಗೇ.

"ಇಷ್ಟೇನಾ?" ಅಂದರು ಅಧ್ಯಕ್ಷೆ. "ಹಣೇಲಿರೋ ಬೊಟ್ಟಿನಷ್ಟಿಲ್ಲ. ಇದಕ್ಕೋಸ್ಕರ ಒಂದು ತಿಂಗ್ಳು ನಂಗೆ ಅನ್ನ ಸೇರಿಲ್ಲ."

"ನನಗೂ" ಅಂದೆ.

ಅವರು ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತರು. ಸಹಾಯಕರು ಕಾಫಿ ತಂದರು. ಸಿಂಗಟಗೆರೆ ಕಡೆಯ ಹೆಂಗಸರೂ ಸೊಪ್ಪು ಕುಯ್ಯಲು ಮುಂದೆ ಬಂದಿದ್ದಾರೆ, ಒಣಗಿಸುವ ಕ್ರಮ ಒಂದು ಹಾಳೆಯಲ್ಲಿ ಬರೆದುಕೊಡಿ ಎಂದು ಅಧ್ಯಕ್ಷೆ ಕೇಳಿದರು. ನಾನು ಹಾಳೆ ಪೆನ್ನು ತೆಗೆದುಕೊಂಡೆ. "ನೀವು ಹೇಳಿ ಅಕ್ಕಾ, ನಾನು ಬರ್ಕೋತೀನಿ."

ಕಾಫಿ ಲೋಟ ಕೆಳಗಿಟ್ಟು ಸೆರಗು ಸರಿ ಮಾಡಿಕೊಂಡರು. "ಬರ್ಕಳಿ. ಒಂದು, ಸೊಪ್ಪಿಗೆ ಬಿಸ್ಲು ತೋರಿಸ್ಬಾರ್ದು, ಅಟ್ಟಕ್ಕೇ ಹಾಕ್ಬೇಕು. ಎರಡು, ತೊಟ್ಟು ಚಟ್ ಅಂತ ಮುರೀಬೇಕು, ಅಲ್ಲೀಗಂಟ ಇಳಿಸ್ಬಾರ್ದು. ಮೂರು, ಕೊಬ್ರಿ ಚೀಲಕ್ಕೆ ತುಂಬ್ಬಾರ್ದು."

"ಆಯ್ತು. ಮತ್ತೆ?"

ಅವರು ಜೊತೆಯವರ ಮುಖ ನೋಡಿದರು, ಆಮೇಲೆ ನನ್ನ ಮುಖ. ನಗು ತಡೆದುಕೊಳ್ಳುತ್ತಿದ್ದರು.

"ನಾಲ್ಕು. ಮೇಡಮ್ಮೋರು ಏನೇ ಹೇಳ್ಲಿ, ಯಾಕೆ ಅಂತ ಒಂದ್ಸಲ ಕೇಳ್ಬೇಕು."

ಅದನ್ನೂ ಬರೆದುಕೊಂಡೆ.